ಮೀನು ಹೆಚ್ಚಿರುವ ನಾಲ್ಕಡಿ ತೊಟ್ಟಿಗೆ ಯಾವ ಫಿಲ್ಟರ್ ಸೂಕ್ತ? (ಮಲಾವಿ ಸಿಕ್ಲಿಡ್, ಬೋರ್‌ವೆಲ್ ನೀರು)

ಬಂಡೆಮೀನು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದೆ. ಲೆಕ್ಕದ ಪ್ರಕಾರ ಅದಕ್ಕೆ 255 ಲೀಟರ್ ನೀರು ಹಿಡಿಯಬೇಕು. ಕಲ್ಲು, ಮರಳು ಮತ್ತು ಮೇಲೆ ಬಿಟ್ಟಿರುವ ಜಾಗವನ್ನು ಕಳೆದರೆ ನಿಜವಾಗಿ ಇರುವುದು ಸುಮಾರು 210 ಲೀಟರ್. ಐದು ತಿಂಗಳಿಂದ ಇದರಲ್ಲಿ ಮಲಾವಿ ಸರೋವರದ ಬಂಡೆವಾಸಿ ಸಿಕ್ಲಿಡ್‌ಗಳನ್ನು, ಅಂದರೆ ಎಂಬೂನಾ ಗುಂಪಿನ ಹಳದಿ ಲ್ಯಾಬ್, ಕೆಂಪು ಜೀಬ್ರಾ ಮತ್ತು ಡೆಮಾಸೋನಿಗಳನ್ನು ಸಾಕುತ್ತಿದ್ದೇನೆ. ಒಟ್ಟು 28 ಮೀನುಗಳಿವೆ. ಕಡಿಮೆ ಮೀನು ಬಿಟ್ಟರೆ ಬಲವಾದ ಗಂಡು ದುರ್ಬಲವಾದುದನ್ನು ಅಟ್ಟಾಡಿಸಿ ಕೊಲ್ಲುತ್ತದೆ, ಗುಂಪು ದೊಡ್ಡದಿದ್ದರೆ ಕೋಪ ಎಲ್ಲರ ಮೇಲೂ ಹಂಚಿಹೋಗುತ್ತದೆ ಎಂದು ಓದಿ ತಿಳಿದೇ ಇಷ್ಟು ಮೀನುಗಳನ್ನು ಬಿಟ್ಟಿದ್ದೇನೆ.

ತಂದಾಗ ಎರಡು ಇಂಚೂ ಇಲ್ಲದಿದ್ದ ಮರಿಗಳು ಈಗ ಮೂರೂವರೆ ಇಂಚು ದಾಟಿವೆ. ಗಾಜಿಗೆ ನೇತುಹಾಕುವ ಹ್ಯಾಂಗ್-ಆನ್ ಫಿಲ್ಟರ್ ಒಂದು ಇದೆ. ಅದರ ಪೆಟ್ಟಿಗೆಯ ಮೇಲೆ 300 ಲೀಟರ್ ತೊಟ್ಟಿಯವರೆಗೆ ಎಂದು ಬರೆದಿದೆ. ಆದರೂ ಕಳೆದ ಎರಡು ವಾರಗಳಿಂದ ಅಮೋನಿಯಾ ಪರೀಕ್ಷೆಯಲ್ಲಿ 0.5ರ (ಲೀಟರ್‌ಗೆ ಮಿಲಿಗ್ರಾಂ) ಹಸಿರು ಬಣ್ಣ ಕಾಣಿಸುತ್ತಿದೆ, ಬೆಳಗಿನ ಹೊತ್ತು ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿವೆ. ನೀರು ಬೋರ್‌ವೆಲ್‌ನದು, ಪಿಎಚ್ 8.2. ನಮ್ಮ ಬಡಾವಣೆಯಲ್ಲಿ ವಾರಕ್ಕೆ ಮೂರು ನಾಲ್ಕು ಬಾರಿ ಕರೆಂಟ್ ಹೋಗುತ್ತದೆ, ಒಮ್ಮೊಮ್ಮೆ ಐದು ಗಂಟೆ ಬರುವುದೇ ಇಲ್ಲ.

ಕ್ಯಾನಿಸ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ತೆಗೆದುಕೊಳ್ಳಲೇ, ಸಂಪ್ (ತೊಟ್ಟಿಯ ಕೆಳಗಿಟ್ಟು ನೀರು ಸೋಸುವ ಇನ್ನೊಂದು ತೊಟ್ಟಿ) ಮಾಡಿಸಲೇ, ಅಥವಾ ಇನ್ನೊಂದು ದೊಡ್ಡ ಹ್ಯಾಂಗ್-ಆನ್ ಸಾಕೇ? ಅನುಭವವಿರುವವರು ದಯವಿಟ್ಟು ಕಾರಣಸಹಿತ ತಿಳಿಸಿ.

ಸ್ವಚ್ಛಜಲ

ಬಂಡೆಮೀನು ಅವರೇ, ನನ್ನ ಮಟ್ಟಿಗೆ ಇದಕ್ಕೆ ಉತ್ತರ ಕ್ಯಾನಿಸ್ಟರ್. ಮುಚ್ಚಿದ ಡಬ್ಬಿಯಾದ್ದರಿಂದ ನೀರು ಪಕ್ಕದಿಂದ ನುಸುಳಿಕೊಂಡು ಹೋಗಲು ದಾರಿಯಿಲ್ಲ, ಪೂರ್ತಿ ಸ್ಪಂಜು ಮತ್ತು ಸೆರಾಮಿಕ್ ಬಳೆಗಳ ಮೂಲಕವೇ ಹಾಯಬೇಕು. ಸದ್ದಿಲ್ಲ, ನೀರು ಆವಿಯಾಗುವುದು ಕಡಿಮೆ, ಎಲ್ಲವೂ ಸ್ಟ್ಯಾಂಡಿನ ಬಾಗಿಲ ಹಿಂದೆ ಅಡಗಿರುತ್ತದೆ. ನನ್ನ ತೊಟ್ಟಿಯೂ ನಾಲ್ಕಡಿಯದೇ, ಅದರಲ್ಲಿ ಎರಡು ಆಸ್ಕರ್ ಮೀನುಗಳಿವೆ. ಗಂಟೆಗೆ 1400 ಲೀಟರ್‌ನ ಒಂದು ಕ್ಯಾನಿಸ್ಟರ್ ಆರು ವರ್ಷಗಳಿಂದ ತೊಂದರೆಯಿಲ್ಲದೆ ನಡೆಯುತ್ತಿದೆ. ನಿಮ್ಮ ಮೀನಿನ ಸಂಖ್ಯೆಗೆ ಅಂಥವು ಎರಡನ್ನು ಇಟ್ಟುಕೊಳ್ಳಿ; ಒಂದನ್ನು ತೊಳೆಯುವ ವಾರ ಇನ್ನೊಂದನ್ನು ಮುಟ್ಟಬೇಡಿ.

ಹಳೇತೊಟ್ಟಿ, ತುಮಕೂರು

ಬಂಡೆಮೀನು ಅವರೇ, ಫಿಲ್ಟರ್ ಕೊಳ್ಳುವ ಮಾತು ಆಮೇಲೆ. ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಮೀನಿಗೆ ವಿಷವಾಗುವುದು ಮುಖ್ಯವಾಗಿ ಒಂದೇ ರೂಪ. ಪಿಎಚ್ 7 ಇರುವ ನೀರಿನಲ್ಲಿ ಆ ವಿಷರೂಪ ಒಟ್ಟು ಅಮೋನಿಯಾದ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ, ನಿಮ್ಮ 8.2ರಲ್ಲಿ, 26 ಡಿಗ್ರಿ ಉಷ್ಣತೆಯಲ್ಲಿ, ಅದು ನೂರಕ್ಕೆ ಒಂಬತ್ತರ ಆಸುಪಾಸಿಗೆ ಏರುತ್ತದೆ. ಹಾಗಾಗಿ ಬೇರೆಯವರ ತೊಟ್ಟಿಯಲ್ಲಿ ಹೇಗೋ ಸಹಿಸಬಹುದಾದ 0.5 ನಿಮ್ಮ ತೊಟ್ಟಿಯಲ್ಲಿ ಕಿವಿರನ್ನು ಸುಡುವ ಮಟ್ಟ. ಇಂದು ಸಂಜೆಯೊಳಗೆ ಶೇ. 40ರಷ್ಟು ನೀರು ಬದಲಾಯಿಸಿ, ಎರಡು ದಿನ ಆಹಾರ ನಿಲ್ಲಿಸಿ, ಒಂದು ಏರ್ ಪಂಪ್ ಹಾಕಿ. ಬೋರ್‌ವೆಲ್ ನೀರಾದರೂ ಅಪಾರ್ಟ್‌ಮೆಂಟ್‌ಗಳಲ್ಲಿ ಅದಕ್ಕೆ ಕ್ಲೋರಿನ್ ಹಾಕುವುದುಂಟು. ವಿಚಾರಿಸಿ, ಹಾಕುತ್ತಿದ್ದರೆ ಕ್ಲೋರಿನ್ ನಿವಾರಕವನ್ನು ಬೆರೆಸಿದ ಮೇಲೆಯೇ ಸುರಿಯಿರಿ.

ಇನ್ನು ಫಿಲ್ಟರ್ ವಿಷಯ. ಇಷ್ಟು ಲೀಟರ್ ತೊಟ್ಟಿಗೆ ಇಷ್ಟು ಸಾಮರ್ಥ್ಯದ ಫಿಲ್ಟರ್ ಎಂಬ ಲೆಕ್ಕವನ್ನು ಬಿಟ್ಟುಬಿಡಿ ಎಂದು ನಾನು ಕೇಳುವವರಿಗೆಲ್ಲ ಹೇಳುತ್ತೇನೆ. ಕೊಳೆ ಮಾಡುವುದು ನೀರಲ್ಲ, ನಾವು ಹಾಕುವ ಆಹಾರ. ಆದ್ದರಿಂದ ಆಹಾರವನ್ನು ತೂಗಿ, ಅಲ್ಲಿಂದ ಲೆಕ್ಕ ಹಾಕಬೇಕು. ನೀವು ದಿನಕ್ಕೆ ಎಷ್ಟು ಗ್ರಾಂ ಹಾಕುತ್ತೀರಿ, ಪೊಟ್ಟಣದ ಮೇಲೆ ಪ್ರೋಟೀನ್ ಶೇಕಡಾ ಎಷ್ಟೆಂದು ಬರೆದಿದೆ ಎಂಬುದನ್ನು ತಿಳಿಸಿ, ಮುಂದಿನದನ್ನು ಬರೆಯುತ್ತೇನೆ.

ಬಂಡೆಮೀನು, ಬೆಂಗಳೂರು

ಹಳೇತೊಟ್ಟಿ ಅವರಿಗೆ ಧನ್ಯವಾದಗಳು. ನೀರು ಬದಲಾಯಿಸಿದೆ, ಏರ್ ಪಂಪ್ ಹಾಕಿದೆ, ಮೀನುಗಳು ಕೆಳಕ್ಕೆ ಇಳಿದಿವೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದು ದಿನದ ಆಹಾರವನ್ನು ತೂಗಿದೆ: 10 ಗ್ರಾಂ. ಪ್ರೋಟೀನ್ ಶೇ. 40. ನಾನು ಚಿಟಿಕೆಯಲ್ಲಿ ಹಾಕುತ್ತಿದ್ದೇನೆ, ಕಡಿಮೆಯೇ ಇರಬೇಕು ಎಂದುಕೊಂಡಿದ್ದೆ.

ಹಳೇತೊಟ್ಟಿ, ತುಮಕೂರು

ಈಗ ಲೆಕ್ಕ ಹಾಕೋಣ. ಮೀನು ಸಾಕಣೆಯವರು ಬಳಸುವ ಸೂತ್ರ ಸರಳವಾಗಿದೆ: ಆಹಾರದ ತೂಕವನ್ನು ಅದರಲ್ಲಿರುವ ಪ್ರೋಟೀನಿನ ಪಾಲಿನಿಂದ ಗುಣಿಸಿ, ಬಂದದ್ದನ್ನು 0.092ರಿಂದ ಗುಣಿಸಿದರೆ ಆ ದಿನ ನೀರಿಗೆ ಸೇರುವ ಅಮೋನಿಯಾ ಸಾರಜನಕದ ಅಂದಾಜು ಸಿಗುತ್ತದೆ. ನಿಮ್ಮಲ್ಲಿ 10 ಗ್ರಾಂ, 0.4, 0.092, ಅಂದರೆ ಸುಮಾರು 0.37 ಗ್ರಾಂ. 210 ಲೀಟರ್‌ಗೆ ಹಂಚಿದರೆ ಲೀಟರ್‌ಗೆ 1.75 ಮಿಲಿಗ್ರಾಂ. ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಾಯಿಸುವ ಫಿಲ್ಟರ್‌ನ ಬ್ಯಾಕ್ಟೀರಿಯಗಳು ಕೆಲಸ ಮಾಡದಿದ್ದರೆ ಒಂದೇ ದಿನದಲ್ಲಿ ನಿಮ್ಮ ತೊಟ್ಟಿಯಲ್ಲಿ ಅಷ್ಟು ಅಮೋನಿಯಾ ಶೇಖರವಾಗುತ್ತದೆ. ಐದು ತಿಂಗಳ ಹಿಂದೆ ಮರಿಗಳಿಗೆ ನೀವು ಬಹುಶಃ ಒಂದೆರಡು ಗ್ರಾಂ ಹಾಕುತ್ತಿದ್ದಿರಿ. ಫಿಲ್ಟರ್ ಆಗ ಹೇಗಿತ್ತೋ ಈಗಲೂ ಹಾಗೆಯೇ ಇದೆ, ಆಹಾರ ಮಾತ್ರ ಐದು ಪಟ್ಟಾಗಿದೆ.

ಇದರ ಜೊತೆಗೆ ಇನ್ನೂ ಮೂರು ಲೆಕ್ಕಗಳಿವೆ, ಫಿಲ್ಟರ್‌ನ ಆಯ್ಕೆಯನ್ನು ನಿರ್ಧರಿಸುವುದು ಇವೇ ಎಂದು ನಾನು ನಂಬಿದ್ದೇನೆ.

ಒಂದು, ಆಮ್ಲಜನಕ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಗಳಿಗೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ನಿಮ್ಮ 0.37 ಗ್ರಾಂಗೆ ದಿನಕ್ಕೆ 1.7 ಗ್ರಾಂ. 25 ಡಿಗ್ರಿಯ ನೀರು ಎಷ್ಟೇ ಚೆನ್ನಾಗಿ ಗಾಳಿಯಾಡಿದರೂ ಲೀಟರ್‌ಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಬೇಸಿಗೆಯಲ್ಲಿ 30 ಡಿಗ್ರಿಗೆ ಬಂದರೆ ಏಳೂವರೆ ಮಾತ್ರ. ಅಂದರೆ ನಿಮ್ಮ ತೊಟ್ಟಿಯ ಪೂರ್ತಿ ನೀರಿನಲ್ಲಿ ಯಾವುದೇ ಕ್ಷಣದಲ್ಲಿ ಇರುವ ಆಮ್ಲಜನಕವೆಲ್ಲ ಸೇರಿ ಸುಮಾರು 1.7 ಗ್ರಾಂ! ಅದರಲ್ಲಿ ಮೀನುಗಳೂ ಉಸಿರಾಡಬೇಕು, ಕೊಳೆಯುವ ಕಸಕ್ಕೂ ಪಾಲು ಹೋಗಬೇಕು. ಮೀನು ಹೆಚ್ಚಿರುವ ತೊಟ್ಟಿಯಲ್ಲಿ ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಮಾತ್ರವಲ್ಲ, ಮೀನಿನ ಜೊತೆ ಪೈಪೋಟಿಗೆ ನಿಂತು ಆಮ್ಲಜನಕವನ್ನು ಬಳಸುವ ಇನ್ನೊಂದು ಜೀವಸಮೂಹ. ಆ ಸಮೂಹಕ್ಕೆ ಗಾಳಿಯನ್ನು ತಾನೇ ಎಳೆದುಕೊಳ್ಳುವ ವ್ಯವಸ್ಥೆ ಇದ್ದರೆ ಮೀನಿನ ಪಾಲು ಮೀನಿಗೇ ಉಳಿಯುತ್ತದೆ.

ಎರಡು, ನೀರಿನ ವೇಗ. ಪೆಟ್ಟಿಗೆಯ ಮೇಲೆ ಬರೆದಿರುವ ಗಂಟೆಯ ಲೀಟರ್ ಖಾಲಿ ಫಿಲ್ಟರ್‌ನದು, ಎತ್ತರಕ್ಕೆ ಏರಿಸದೆ ಅಳೆದದ್ದು. ಸ್ಪಂಜು ತುಂಬಿ, ಮೂರಡಿ ಎತ್ತರಕ್ಕೆ ನೀರೆತ್ತಿಸಿ, ಎರಡು ವಾರ ಕಸ ಹಿಡಿದ ಮೇಲೆ ಅದರಲ್ಲಿ ಅರ್ಧ ಉಳಿದರೆ ದೊಡ್ಡದು. ನಂಬಿಕೆಯ ಮೇಲೆ ಬಿಡಬೇಡಿ, ಅಳೆಯಿರಿ. ಹತ್ತು ಲೀಟರ್‌ನ ಬಕೆಟ್ಟನ್ನು ಹೊರಹರಿವಿನ ಕೆಳಗೆ ಹಿಡಿದು ಮೊಬೈಲಿನಲ್ಲಿ ಸೆಕೆಂಡ್ ಎಣಿಸಿದರೆ ಆಯಿತು. ನನ್ನ ಬಳಿ ಹಿಂದೆ ಇದ್ದ 1400 ಲೀಟರ್‌ನ ಕ್ಯಾನಿಸ್ಟರ್ ಹೀಗೆ ಬಕೆಟ್ ತುಂಬಲು 52 ಸೆಕೆಂಡ್ ತೆಗೆದುಕೊಂಡಿತ್ತು. ಅಂದರೆ ಗಂಟೆಗೆ 700 ಲೀಟರ್ ಕೂಡ ಅಲ್ಲ. ನಿಮ್ಮಂಥ ತೊಟ್ಟಿಯಲ್ಲಿ ನೀರು ಗಂಟೆಗೆ ಐದು ಸುತ್ತಾದರೂ, ಸಾಧ್ಯವಾದರೆ ಎಂಟು ಸುತ್ತು, ನಿಜವಾಗಿ ಫಿಲ್ಟರ್‌ನ ಮೂಲಕ ಹಾಯಬೇಕು.

ಮೂರು, ಕರೆಂಟ್. ಸ್ವಚ್ಛಜಲ ಅವರ ಕ್ಯಾನಿಸ್ಟರ್ ಒಳ್ಳೆಯದೇ; ಎರಡು ಆಸ್ಕರ್‌ಗೆ ಆರು ವರ್ಷ ನಡೆದಿದೆ ಎಂದರೆ ಅವರು ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಆದರೆ ನನ್ನ ಮನೆಯಲ್ಲಿ ಆದದ್ದನ್ನು ಹೇಳಲೇಬೇಕು. ಒಂದು ಬೇಸಿಗೆಯ ರಾತ್ರಿ ಹನ್ನೊಂದಕ್ಕೆ ಹೋದ ಕರೆಂಟ್ ಬೆಳಗ್ಗೆ ಆರಕ್ಕೆ ಬಂತು. ಕ್ಯಾನಿಸ್ಟರ್ ತಾನಾಗಿಯೇ ಚಾಲೂ ಆಯಿತು. ನಾನು ಎದ್ದು ಬರುವಷ್ಟರಲ್ಲಿ ಹೊರಹರಿವಿನ ಕೊಳವೆಯಿಂದ ಚಹಾ ಬಣ್ಣದ ನೀರು ಮೋಡದಂತೆ ಹರಡುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದಾಗ ಮೋರಿಯ ವಾಸನೆ. ಏಳು ಗಂಟೆಗಳ ಕಾಲ ಮುಚ್ಚಿದ ಡಬ್ಬಿಯಲ್ಲಿ ನಿಂತ ನೀರಿನ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯ ಸತ್ತು, ಒಳಗಿದ್ದ ಕಸ ಕೊಳೆತು, ಎಲ್ಲವೂ ಒಟ್ಟಿಗೆ ಮೀನಿನ ಮೇಲೆ ಸುರಿದಿತ್ತು. ನಾಲ್ಕು ವರ್ಷ ಸಾಕಿದ್ದ ಒಂಬತ್ತು ಮೀನುಗಳು ಆ ಬೆಳಗ್ಗೆ ಹೋದವು. ಡಬ್ಬಿಯಲ್ಲಿ ನಿಂತ ನೀರನ್ನು ಚೆಲ್ಲಿದ ಮೇಲೆಯೇ ಚಾಲೂ ಮಾಡಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ನಿದ್ದೆಯಲ್ಲಿದ್ದವನು ಏನು ಮಾಡಬಹುದಿತ್ತು?

ಆದ್ದರಿಂದ ಪದೇಪದೇ ಕರೆಂಟ್ ಹೋಗುವ ಮನೆಯಲ್ಲಿ, ಇಷ್ಟು ಮೀನಿಗೆ, ಗಾಳಿಗೆ ತೆರೆದುಕೊಂಡಿರುವ ಫಿಲ್ಟರನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇಷ್ಟು ಮೀನಿಗೆ ಸಾಲುವ ತೆರೆದ ಫಿಲ್ಟರ್ ಎಂದರೆ ಎರಡೇ ದಾರಿ: ಕೆಳಗೆ ಸಂಪ್, ಅಥವಾ ಮೇಲೆ ಟಾಪ್ ಫಿಲ್ಟರ್. (ಹೊಸಬರಿಗೆ ಒಂದು ಮಾತು: ಇಲ್ಲಿ ಸಂಪ್ ಎಂದರೆ ಮನೆಯ ಅಂಗಳದ ನೆಲದಡಿಯ ತೊಟ್ಟಿಯಲ್ಲ, ಮೀನಿನ ತೊಟ್ಟಿಯ ಕೆಳಗೆ ಸ್ಟ್ಯಾಂಡಿನಲ್ಲಿ ಇಡುವ ಇನ್ನೊಂದು ಗಾಜಿನ ತೊಟ್ಟಿ.)

ಸ್ವಚ್ಛಜಲ

ಹಳೇತೊಟ್ಟಿ ಅವರ ನಷ್ಟವನ್ನು ಓದಿ ಬೇಸರವಾಯಿತು. ನಮ್ಮ ಮನೆಯಲ್ಲಿ ಯುಪಿಎಸ್ ಇರುವುದರಿಂದ ನಾನು ಈ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಬಂಡೆಮೀನು ಅವರು ಒಂದು ಕ್ಯಾನಿಸ್ಟರನ್ನು ಯುಪಿಎಸ್‌ಗೆ ಜೋಡಿಸಬಹುದಲ್ಲವೇ? ಅದು ಎಳೆಯುವುದು 20 ವಾಟ್ ಮಾತ್ರ.

ಹಳೇತೊಟ್ಟಿ, ತುಮಕೂರು

ಜೋಡಿಸಬಹುದು, ಆದರೆ ಯುಪಿಎಸ್ ಸೈನ್ ವೇವ್ ಇರಬೇಕು. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಇಂಥ ಪಂಪುಗಳು ಗುಂಯ್‌ಗುಡುತ್ತವೆ, ಬಿಸಿಯಾಗುತ್ತವೆ. ಇನ್ನೊಂದು ಕಾರಣವನ್ನೂ ಹೇಳಬೇಕು, ಅದು ಕರೆಂಟಿಗೆ ಸಂಬಂಧಿಸಿದ್ದಲ್ಲ. ಡಬ್ಬಿಯೊಳಗೆ ಹಿಡಿದಿಟ್ಟ ಕಸ ನಮ್ಮ ಕಣ್ಣಿಗೆ ಕಾಣದಿದ್ದರೂ ಅದೇ ನೀರಿನಲ್ಲೇ ಇದೆ, ಅಲ್ಲೇ ಕೊಳೆಯುತ್ತದೆ. ಎಂಬೂನಾಗಳು ಹೆಚ್ಚಾಗಿ ಪಾಚಿ ತಿನ್ನುವ ಗುಂಪು, ಇಡೀ ದಿನ ಹಿಕ್ಕೆ ಹಾಕುತ್ತವೆ. ಫಿಲ್ಟರ್‌ನಲ್ಲಿ ಕಸ ಹಿಡಿಯುವ ಮೇಲಿನ ಹಾಸನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ತೊಳೆಯಬೇಕಾಗುತ್ತದೆ. ಕ್ಯಾನಿಸ್ಟರನ್ನು ಮೂರು ದಿನಕ್ಕೊಮ್ಮೆ ಬಿಚ್ಚುವವರನ್ನು ನಾನು ಕಂಡಿಲ್ಲ. ಕೈಗೆ ಸುಲಭವಾಗಿ ಸಿಗುವ ಫಿಲ್ಟರ್ ಮಾತ್ರ ಸಮಯಕ್ಕೆ ಸರಿಯಾಗಿ ತೊಳೆಸಿಕೊಳ್ಳುತ್ತದೆ.

ನೇತ್ರಾವತಿ_ದಂಡೆ, ಮಂಗಳೂರು

ಚರ್ಚೆ ಉಪಯುಕ್ತವಾಗಿದೆ. ನನ್ನದೊಂದು ಸೇರ್ಪಡೆ. ಬ್ಯಾಕ್ಟೀರಿಯಗಳು ಅಮೋನಿಯಾವನ್ನು ಬದಲಾಯಿಸುವಾಗ ಆಮ್ಲಜನಕವನ್ನಷ್ಟೇ ಅಲ್ಲ, ನೀರಿನ ಕ್ಷಾರತೆಯನ್ನೂ ತಿನ್ನುತ್ತವೆ. ಒಂದು ಗ್ರಾಂ ಸಾರಜನಕಕ್ಕೆ ಏಳು ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್‌ಗೆ ಸಮನಾದಷ್ಟು. ಬೆಂಗಳೂರಿನ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ನಮ್ಮ ಕಡೆ ಜಂಬಿಟ್ಟಿಗೆ ನೆಲದ ಬಾವಿನೀರು ಮೆದು, ಸ್ವಲ್ಪ ಹುಳಿ. ನನ್ನ ತೊಟ್ಟಿಯಲ್ಲಿ ಮೊದಲ ವರ್ಷ ಎಷ್ಟೇ ದೊಡ್ಡ ಫಿಲ್ಟರ್ ಹಾಕಿದರೂ ಪಿಎಚ್ ಕುಸಿದು ಬ್ಯಾಕ್ಟೀರಿಯಗಳು ಕೆಲಸ ನಿಲ್ಲಿಸುತ್ತಿದ್ದವು. ಈಗ ಫಿಲ್ಟರ್‌ನಲ್ಲಿ ಒಂದು ಬಲೆಚೀಲದ ತುಂಬ ಚೆನ್ನಾಗಿ ತೊಳೆದು ಒಣಗಿಸಿದ ಮರುವಾಯಿ ಚಿಪ್ಪು ಇಟ್ಟಿದ್ದೇನೆ, ನೀರು ಬದಲಾಯಿಸುವಾಗ ಅಳೆದು ಅಡುಗೆ ಸೋಡಾ ಬೆರೆಸುತ್ತೇನೆ. ಕರಾವಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಫಿಲ್ಟರ್‌ನ ಗಾತ್ರದ ಜೊತೆಗೆ ನೀರಿನ ಗುಣವನ್ನೂ ನೋಡಿಕೊಳ್ಳಲಿ.

ಬಂಡೆಮೀನು, ಬೆಂಗಳೂರು

ಬಹಳ ವಿಷಯ ತಿಳಿಯಿತು. ಹಾಗಾದರೆ ಸಂಪ್ ಮಾಡಿಸಲೇ? ಸ್ಟ್ಯಾಂಡಿನ ಕೆಳಗೆ 90 ಸೆಂಟಿಮೀಟರ್ ಉದ್ದ, 35 ಅಗಲ, 40 ಎತ್ತರದ ತೊಟ್ಟಿ ಕೂರುತ್ತದೆ. ಮೀನಿನ ತೊಟ್ಟಿಗೆ ತೂತು ಇಲ್ಲ. ಗಾಜಿನ ಅಂಚಿಗೆ ಸಿಕ್ಕಿಸಿ ನೀರನ್ನು ಕೊಳವೆಯಿಂದ ಹೀರಿ ಕೆಳಗಿಳಿಸುವ ಪೆಟ್ಟಿಗೆ ಸಿಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು.

ಹಳೇತೊಟ್ಟಿ, ತುಮಕೂರು

ಹೀರುಕೊಳವೆಯ ಪೆಟ್ಟಿಗೆ ಬೇಡವೇ ಬೇಡ. ಕರೆಂಟ್ ಹೋಗಿ ಬಂದಾಗ ಕೊಳವೆಯೊಳಗೆ ಗಾಳಿಗುಳ್ಳೆ ಸೇರಿ ಹರಿವು ಕಡಿದರೆ, ಕೆಳಗಿನ ಪಂಪು ಮಾತ್ರ ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಮೀನಿನ ತೊಟ್ಟಿ ತುಂಬಿ ಕೋಣೆಯೆಲ್ಲ ನೀರಾಗುತ್ತದೆ. ಸಂಪ್ ಬೇಕೆಂದರೆ ಗಾಜಿಗೆ ತೂತು ಕೊರೆಸಲೇಬೇಕು, ಅದಕ್ಕೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಕು. ಟಫನ್ಡ್ ಗಾಜಾದರೆ ಕೊರೆಯಲು ಆಗುವುದೇ ಇಲ್ಲ, ಪುಡಿಯಾಗುತ್ತದೆ.

ನಿಮ್ಮ ಅಳತೆಗೇ ಒಂದು ಲೆಕ್ಕ ಹೇಳುತ್ತೇನೆ, ಸಂಪ್ ಮಾಡಿಸುವ ಬೇರೆಯವರಿಗೂ ಉಪಯೋಗವಾದೀತು. ನಿಮ್ಮ ಮೇಲಿನ ತೊಟ್ಟಿಯಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ಐದೂವರೆ ಲೀಟರ್ ಕೆಳಗೆ ಬರುತ್ತದೆ. ನೀವು ಹೇಳಿದ ಸಂಪ್ ಅಂಚಿನವರೆಗೆ ತುಂಬಿದರೆ 126 ಲೀಟರ್. ಅದರಲ್ಲಿ 70 ಲೀಟರ್ ಇಟ್ಟು ನಡೆಸಿದರೆ ಉಳಿಯುವ ಜಾಗ 56 ಲೀಟರ್. ನೀರನ್ನು ಮೇಲಕ್ಕೆ ತರುವ ಕೊಳವೆಯ ಬಾಯಿ ತೊಟ್ಟಿಯ ನೀರಿನಲ್ಲಿ 10 ಸೆಂಟಿಮೀಟರ್ ಮುಳುಗಿದ್ದರೆ, ಕರೆಂಟ್ ಹೋದ ಕೂಡಲೇ ಅದೇ ಕೊಳವೆ ಹಿಮ್ಮುಖವಾಗಿ ಹೀರಲು ಶುರು ಮಾಡಿ ಅಷ್ಟೂ ಜಾಗವನ್ನು ತುಂಬಿಬಿಡುತ್ತದೆ, ಕೊಳವೆಗಳಲ್ಲಿದ್ದ ನೀರು ನೆಲದ ಮೇಲೆ ಬರುತ್ತದೆ. ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಆ ಕೊಳವೆಗೆ ಒಂದು ಸಣ್ಣ ತೂತು ಮಾಡಿದರೆ ಅಲ್ಲಿಂದ ಗಾಳಿ ನುಗ್ಗಿ ಹೀರುವುದು ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟದಂತೆ ತಿಂಗಳಿಗೊಮ್ಮೆ ಕಡ್ಡಿ ಹಾಕಿ ನೋಡಬೇಕು.

ನಿಮ್ಮ ತೊಟ್ಟಿ ಈಗಾಗಲೇ ನಡೆಯುತ್ತಿದೆ, ಮೀನುಗಳು ಸಂಕಟದಲ್ಲಿವೆ. ನನ್ನ ಸಲಹೆ ಟಾಪ್ ಫಿಲ್ಟರ್. ಗಾಜಿನ ಅಂಚಿನ ಮೇಲೆ ಕೂರುವ ಉದ್ದನೆಯ ಪೆಟ್ಟಿಗೆ, ತೊಟ್ಟಿಯೊಳಗಿನ ಪಂಪು ಅದಕ್ಕೆ ನೀರೆತ್ತುತ್ತದೆ, ನೀರು ತಾನಾಗಿ ಕೆಳಗೆ ಬೀಳುತ್ತದೆ. ಕರೆಂಟ್ ಹೋದರೆ ಪೆಟ್ಟಿಗೆಯ ನೀರು ತೊಟ್ಟಿಗೇ ಇಳಿಯುತ್ತದೆ, ಒಂದು ಹನಿಯೂ ಹೊರಗೆ ಬರುವುದಿಲ್ಲ. ಒಳಗಿನ ಸ್ಪಂಜು ಒದ್ದೆಯಾಗಿಯೇ ಗಾಳಿಯಲ್ಲಿ ಉಳಿಯುವುದರಿಂದ ಬ್ಯಾಕ್ಟೀರಿಯಗಳು ಗಂಟೆಗಟ್ಟಲೆ ಬದುಕಿರುತ್ತವೆ. ನೋಡಲು ಅಂದವಿಲ್ಲ ಎಂದು ಬಹಳ ಮಂದಿ ಇದನ್ನು ಕೈಬಿಡುತ್ತಾರೆ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ. ಮೊದಲ ಕೋಣೆಯಲ್ಲಿ ಬಿಳಿ ಉಣ್ಣೆಯಂಥ ಹಾಸು, ಎರಡನೆಯದರಲ್ಲಿ ಇಂಚಿಗೆ 30 ರಂಧ್ರವಿರುವ ಸ್ಪಂಜು, ಮೂರನೆಯದರಲ್ಲಿ ನೀರು ನಿಲ್ಲದೆ ತೊಟ್ಟಿಕ್ಕುವಂತೆ ಪ್ಲಾಸ್ಟಿಕ್ ಪಾತ್ರೆ ಉಜ್ಜುವ ಬಲೆಗಳು ಅಥವಾ ಲಾವಾ ಕಲ್ಲು. ದುಬಾರಿ ಸೆರಾಮಿಕ್ ಬಳೆಗಳ ಸೂಕ್ಷ್ಮ ರಂಧ್ರಗಳು ಇಷ್ಟು ಕೊಳೆಯಲ್ಲಿ ಬೇಗನೆ ಮುಚ್ಚಿಹೋಗುತ್ತವೆ. ಒಟ್ಟು ಎಂಟು ಹತ್ತು ಲೀಟರ್ ಸಾಮಗ್ರಿ ಹಿಡಿದರೆ ನಿಮ್ಮ 10 ಗ್ರಾಂ ಆಹಾರಕ್ಕೆ ಸಾಕಾಗುತ್ತದೆ ಎಂಬುದು ನನ್ನ ಅನುಭವ. ಹಳೆಯ ಹ್ಯಾಂಗ್-ಆನ್ ಫಿಲ್ಟರ್ ಕನಿಷ್ಠ ಆರು ವಾರ ಜೊತೆಯಲ್ಲೇ ನಡೆಯಲಿ, ಬ್ಯಾಕ್ಟೀರಿಯಗಳು ಅಲ್ಲಿಂದ ಇಲ್ಲಿಗೆ ಹರಡಬೇಕು. ಸ್ಪಂಜನ್ನು ನಲ್ಲಿಯಡಿ ಹಿಡಿಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ. ಇದಲ್ಲದೆ ಬ್ಯಾಟರಿಯಿರುವ ಏರ್ ಪಂಪ್‌ಗೆ ಜೋಡಿಸಿದ ದೊಡ್ಡ ಸ್ಪಂಜ್ ಫಿಲ್ಟರ್ ಒಂದು ಮೂಲೆಯಲ್ಲಿರಲಿ.

ಕೊನೆಗೆ, ನೈಟ್ರೇಟ್. ನಾವು ಮಾತಾಡಿದ ಯಾವ ಫಿಲ್ಟರೂ ಅದನ್ನು ಹೊರಹಾಕುವುದಿಲ್ಲ. ನಿಮ್ಮ ಆಹಾರದ ಲೆಕ್ಕಕ್ಕೆ ದಿನಕ್ಕೆ ಲೀಟರ್‌ಗೆ ಸುಮಾರು 8 ಮಿಲಿಗ್ರಾಂ, ವಾರಕ್ಕೆ 50ರ ಮೇಲೆ ಏರುತ್ತದೆ. ವಾರಕ್ಕೆ ಅರ್ಧ ತೊಟ್ಟಿ ನೀರು ಬದಲಾಯಿಸುವುದು ತಪ್ಪದು. ಆಹಾರವನ್ನು 7 ಗ್ರಾಂಗೆ ಇಳಿಸಿದರೂ ಎಂಬೂನಾಗಳು ಆರೋಗ್ಯವಾಗಿಯೇ ಇರುತ್ತವೆ.

ಬಂಡೆಮೀನು, ಬೆಂಗಳೂರು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮೂರಡಿ ಉದ್ದದ ಮೂರು ಕೋಣೆಯ ಟಾಪ್ ಫಿಲ್ಟರ್ ಹಾಕಿಸಿದೆ. ಪಂಪು 25 ವಾಟ್‌ನದು, ತಿಂಗಳಿಗೆ 18 ಯೂನಿಟ್ ಆಗುತ್ತದೆ. ಹೇಳಿದಂತೆ ಬಕೆಟ್ ಹಿಡಿದು ಅಳೆದೆ: 35 ಸೆಕೆಂಡ್, ಅಂದರೆ ಗಂಟೆಗೆ 1000 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಅಮೋನಿಯಾ ಮೂರನೆಯ ವಾರದಿಂದ ಸೊನ್ನೆ, ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗುವ ದಾರಿಯ ನಡುವಿನ ಹಂತ) ನಾಲ್ಕನೆಯ ವಾರದಿಂದ ಸೊನ್ನೆ. ಆಹಾರ 7 ಗ್ರಾಂ. ನೀರು ಬದಲಾಯಿಸುವ ಮುನ್ನ ನೈಟ್ರೇಟ್ 40ರ ಬಣ್ಣದಲ್ಲಿರುತ್ತದೆ. ಕಳೆದ ಗುರುವಾರ ನಾಲ್ಕು ಗಂಟೆ ಕರೆಂಟ್ ಇರಲಿಲ್ಲ, ಮೀನುಗಳು ಮೇಲಕ್ಕೆ ಬರಲಿಲ್ಲ.

ನಿನ್ನೆ ಮೊದಲ ಕೋಣೆಯ ಹಾಸನ್ನು ತೊಳೆಯಲು ಎತ್ತಿದಾಗ ಅದರ ಕೆಳಗೆ ಉಗುರಿನಷ್ಟು ಉದ್ದದ ಎರಡು ಹಳದಿ ಮರಿಗಳು ಈಜಾಡುತ್ತಿದ್ದವು. ತಾಯಿ ಬಾಯಲ್ಲಿಟ್ಟು ಕಾಯ್ದು ಹೊರಬಿಟ್ಟ ಮರಿಗಳು ಪಂಪಿನ ಮೂಲಕ ಮೇಲಕ್ಕೆ ಬಂದಿರಬೇಕು, ಹೇಗೆ ಬದುಕಿದವೋ ತಿಳಿಯದು. ಪಂಪಿನ ಬಾಯಿಗೆ ಏನಾದರೂ ಕಟ್ಟಬೇಕೇ?

ಹಳೇತೊಟ್ಟಿ, ತುಮಕೂರು

ಬಹಳ ಸಂತೋಷವಾಯಿತು. ಪಂಪಿನ ಬಾಯಿಗೆ ಒರಟು ಸ್ಪಂಜಿನ ಒಂದು ತೋಳು ತೊಡಿಸಿ, ವಾರಕ್ಕೆರಡು ಬಾರಿ ಹಿಂಡಿ, ಇಲ್ಲದಿದ್ದರೆ ಹರಿವು ಕಡಿಮೆಯಾಗುತ್ತದೆ. ಎಂಬೂನಾಗಳು ಮರಳು ತೋಡುವ ಸ್ವಭಾವದವು, ಪಂಪನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿದರೆ ಪಂಪಿನೊಳಗೆ ತಿರುಗುವ ಚಕ್ರಕ್ಕೆ (ಇಂಪೆಲ್ಲರ್) ಮರಳು ಸೇರುವುದೂ ತಪ್ಪುತ್ತದೆ. ಮರಿಗಳನ್ನು ಸದ್ಯಕ್ಕೆ ತೊಟ್ಟಿಯೊಳಗೆ ತೇಲುವ ಬಲೆಪೆಟ್ಟಿಗೆಯಲ್ಲಿ ಇಡಿ, ಆಹಾರವನ್ನು ಬೆರಳಲ್ಲಿ ಪುಡಿ ಮಾಡಿ ಕೊಡಿ. ಆ ಪುಡಿಯನ್ನೂ 7 ಗ್ರಾಂ ಲೆಕ್ಕದೊಳಗೇ ಸೇರಿಸಿಕೊಳ್ಳಿ.